ತುರ್ವಿಹಾಳದಲ್ಲಿ ಒಂದು ಕಾಯ್ದೆಬದ್ಧ ಬಂಧನ

೧೯೯೮ನೇ ಇಸವಿ ಏಪ್ರಿಲ್ ೧೦, ಶುಕ್ರವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಸಿಂಧನೂರಿನ ಗಂಜ್ ಪೊಲೀಸ್ ಠಾಣೆಯೊಳಗೆ ವಯಸ್ಸಾದ ಹೆಣ್ಣುಮಗಳೊಬ್ಬಳು ಬಂದಳು. ಯಾರನ್ನೂ ಏನೂ ಕೇಳಲಿಲ್ಲ. ಸೀದಾ ಲಾಕಪ್ಪಿನ ಸರಳುಗಳ ಮುಂದೆ ಕೂತು ಬುತ್ತಿಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಲೆ, ಕಾಗದದಲ್ಲಿ ಸುತ್ತಿದ ಬಿಪಿ ಗುಳಿಗೆ. ಲಾಕಪ್ಪಿನಲ್ಲಿ ಜಪ್ತಿಯಾದ ಮೂರು ಸೈಕಲ್ಲುಗಳ ಹೊರತು ಬೇರೆ ಆರೋಪಿಗಳಿರಲಿಲ್ಲ.

"ಯಾರಿಗವ್ವಾ ಬುತ್ತಿ? ಸೈಕಲ್ಲಿಗೇನು?" ಎಂದ ಪೇದೆ ಕರೀಂಸಾಬ್.

"ನಮ್ಮನಿಯವ್ರಿಗೆ. ಎಲ್ಲಿಟ್ಟೀರಿ ಅವರ್ನ?"

"ನಿಮ್ಮನಿಯವ್ರು ಅಂದ್ರ ಯಾರು?"

"ತುರ್ವಿಹಾಳದ ಹೆಡ್ ಸಾಹೇಬ್ರು. ರಿಟೈರ್ ಆದವ್ರು."

"ಹೆಸರು?"

ಆಕೆ ಸೆರಗಿನ ತುದಿ ಬಾಯಿಗೆ ಹಿಡಿದಳು. "ಗಂಡನ ಹೆಸರ ಹೆಂಗ ಹೇಳ್ಲೆಪಾ. ಬುದ್ಧಿ ಇರೋರಿಗೆ ಗ್ಯಾನ ಅದ ಅಂತಾರಲ್ಲ, ಅದರ ಮುಂದ ಅಪ್ಪ ಹಚ್ಕೋ."

ಕರೀಂಸಾಬನ ನಗು ಅರ್ಧಕ್ಕೇ ನಿಂತಿತು. ಹೆಡ್ ಕಾನ್‌ಸ್ಟೇಬಲ್ ಗ್ಯಾನಪ್ಪ ಮೂರು ವರ್ಷದ ಹಿಂದಷ್ಟೇ ನಿವೃತ್ತರಾದವರು. ಅವರ ಕೈಕೆಳಗೆ ಅವನೂ ಸ್ವಲ್ಪ ದಿನ ದುಡಿದಿದ್ದ.

ಇನ್‌ಸ್ಪೆಕ್ಟರ್ ಅಮರೇಶ ಒಳಗಿನ ಕೋಣೆಯಿಂದ ಬಂದು ಬೆಂಚಿನ ಮೇಲೆ ಕೂತರು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಅಳುವವರ ಎದುರು ಕೂತೂ ಕೂತೂ ಅವರ ಮುಖ ಠಾಣೆಯ ಗೋಡೆಯ ಬಣ್ಣಕ್ಕೇ ಬಂದಿತ್ತು. ಅಳದೆ ಕೂತ ಈಕೆಯ ಎದುರು ಹೊಸದಾಗಿ ಯಾವ ಮುಖ ಮಾಡಬೇಕೋ ಅವರಿಗೆ ಗೊತ್ತಾಗಲಿಲ್ಲ.

"ನಿಮ್ಮ ಹೆಸರು?"

"ಶೇಖಮ್ಮ."

"ಯಾವಾಗ ಒಯ್ದ್ರು?"

"ಬುಧವಾರ. ಬಕ್ರೀದ್ ಇತ್ತಲ್ಲ, ಅವತ್ತು. ಮೂರು ಹೊಡದಿತ್ತು."

"ಎಷ್ಟು ಮಂದಿ?"

"ಒಬ್ಬಾಂವ. ಖಾಕಿ ಡ್ರೆಸ್ಸು. ಎದಿ ಮ್ಯಾಲ ಹೆಸರಿನ ಪಟ್ಟಿ ಇತ್ತು. ಇಗಾ ನನ್ನ ಹೆಸರು ನೋಡ್ರಿ ಅಂತ ತೋರಿಸಿದ. ನನಗೇನ್ ಓದಾಕ ಬರ್ತೈತ್ರಿ?"

"ಬುಧವಾರ ಒಯ್ದ್ರ ಇವತ್ತ ಯಾಕ ಬಂದ್ರಿ?"

ಶೇಖಮ್ಮ ಅವರನ್ನು ಕನಿಕರದಿಂದ ನೋಡಿದಳು. "ಯಪ್ಪಾ, ನಾ ಪೊಲೀಸನ ಹೇಂತಿ. ಮೊದಲ್ನೇ ದಿನ ಠಾಣೆಕ ಬಂದ್ರ ಬೈದು ಕಳಸ್ತಾರ, ಎರಡನೇ ದಿನ ಬುತ್ತಿ ಒಳಗ ಬಿಡ್ತಾರ ಅಂತ ನಮ್ಮನಿಯವ್ರ ಹೇಳ್ತಿದ್ರು. ಅದಕ್ಕ ತಡದು ಬಂದೀನಿ."

ಠಾಣೆಯ ವೈರ್‌ಲೆಸ್ಸಿನಲ್ಲಿ ಮಸ್ಕಿ, ಲಿಂಗಸುಗೂರು, ರಾಯಚೂರು ಎಲ್ಲವನ್ನೂ ಕೇಳಿದ್ದಾಯಿತು. ಗ್ಯಾನಪ್ಪ ಎಂಬ ಹೆಸರಿನವರನ್ನು ಯಾರೂ ತಂದಿರಲಿಲ್ಲ. ಹನ್ನೊಂದೂವರೆಗೆ ಶೇಖಮ್ಮನ ಹೇಳಿಕೆಯ ಮೇಲೆ ಎಫ್‌ಐಆರ್ ದಾಖಲಾಯಿತು. ಸರಕಾರಿ ನೌಕರನ ಸೋಗು, ಅಕ್ರಮ ಬಂಧನ, ಅಪಹರಣ. ಭಾರತ ದಂಡ ಸಂಹಿತೆಯ ೧೭೦, ೧೭೧, ೩೪೨, ೩೬೫. ಆರೋಪಿಯ ಹೆಸರಿನ ಜಾಗದಲ್ಲಿ 'ಅಪರಿಚಿತ' ಎಂದು ಬರೆದು ರೈಟರು ಮಸಿ ಒಣಗಲೆಂದು ಊದಿದರು.

ಶೇಖಮ್ಮ ಗುಳಿಗೆಯ ಪೊಟ್ಟಣವನ್ನು ಅಮರೇಶರ ಮುಂದೆ ಇಟ್ಟಳು. "ಮುಂಜಾನೆ ಒಂದು, ಸಂಜೀಗೆ ಒಂದು. ಒಂದಿನ ತಪ್ಪಿದ್ರ ತೆಲಿ ಸುತ್ತಿ ಬೀಳ್ತಾರ. ಹೋದ ವರ್ಷ ಬಾಯಿ ಸೊಟ್ಟಾಗಿತ್ತು. ಬುಧವಾರ ಅವಸರದಾಗ ಇದನ್ನ ಕೊಡೋದು ಮರತೆ."

*

ಮಧ್ಯಾಹ್ನ ತುರ್ವಿಹಾಳದ ಮನೆಯಲ್ಲಿ ಸ್ಥಳ ಪಂಚನಾಮೆ. ಬರೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಬಾಗಿಲು ಮುರಿದಿಲ್ಲ, ಹೆಂಚು ಒಡೆದಿಲ್ಲ, ಅಂಗಳದಲ್ಲಿ ಎಳೆದಾಡಿದ ಗುರುತಿಲ್ಲ. ಪಕ್ಕದ ಮನೆಯ ಇಮಾಮ್‌ಬೀ ಎಲ್ಲವನ್ನೂ ಕಂಡಿದ್ದಳು. ಹೇಳುವ ಹುರುಪೂ ಇತ್ತು.

"ಜೀಪಿತ್ತೇನು?"

"ಎಲ್ಲಿ ಜೀಪ್ರಿ? ಬಸ್ಸಿಗೆ ಬಂದ, ಬಸ್ಸಿಗೆ ಕರಕೊಂಡು ಹೋದ. ಚಪ್ಲಿ ಹಾಕ್ಕೊಳ್ರಿ, ಟಾವೆಲ್ ತೊಗೋರಿ, ಬಿಸಲೈತಿ ಅಂದ. ಬೀಗರ ಮನೀಗೆ ಕರಿಯಾಕ ಬಂದಂಗ ಮಾಡಿದ."

"ಬೇಡಿ?"

"ಇಲ್ರಿ. ಕೈ ಸೈತ ಹಿಡೀಲಿಲ್ಲ. ಮೊದ್ಲ ಹೆಡ್ ಸಾಹೇಬ್ರ ಅಂಗಿ ಬಿಚ್ಚಿಸಿ ಬೆನ್ನು, ಕಾಲು ನೋಡಿದ. ಈಗ ಮೈಮ್ಯಾಲ ಏನೂ ಗಾಯ ಇಲ್ಲ, ನೀವು ನೋಡಿದ್ರಲ್ಲ ಅಂತ ನನಗ ಕೇಳಿದ. ನೋಡಿದೆ ಅಂದೆ. ಆಮ್ಯಾಲ ಕಾಗದದ ಮ್ಯಾಲ ಹೆಬ್ಬಟ್ಟು ಒತ್ತಿಸ್ಕೊಂಡ. ಊರಿನ ಗಣ್ಯ ವ್ಯಕ್ತಿ ಒಬ್ರು ಬೇಕು, ನೀವ ಆಗ್ರಿ ಅಂದ." ಇಮಾಮ್‌ಬೀ ಸೆರಗು ಸರಿಮಾಡಿಕೊಂಡಳು. "ನನಗ ಗಣ್ಯ ವ್ಯಕ್ತಿ ಅಂದ್ರಿ ಸಾಹೇಬ್ರ. ನನ್ನ ಗಂಡ ಬದಕಿರೋತನಕ ಒಂದಿನಾರ ಅಂದಿದ್ದಿಲ್ಲ."

"ಯಾವ ಕೇಸಂತ ಹೇಳಿದ್ನೇನು?"

"ಹೇಳಿದ್ರಿ. ಕೊಲೆ ಅಂದ."

ಅಮರೇಶರು ಶೇಖಮ್ಮನ ಕಡೆ ತಿರುಗಿದರು. ಆಕೆ ಒಲೆಯ ಬೂದಿಯನ್ನು ಕೆದರುತ್ತಿದ್ದಳು. ಒಲೆಯಲ್ಲಿ ಬೆಂಕಿ ಇರಲಿಲ್ಲ.

"ಇದನ್ನ ನೀವು ಬರಸಲಿಲ್ಲಲ್ಲ?"

"ನೀವು ಕೇಳಲಿಲ್ಲ."

"ಈಗ ಕೇಳಾಕತ್ತೀನಿ."

"ಹನ್ನೊಂದ ವರ್ಷ ಆತು. ಕಾಲುವಿ ಮ್ಯಾಲ ಕಟ್ಟಿ ಕ್ಯಾಂಪ್ ಅಂತ ಇತ್ತಲ್ಲ, ಅಲ್ಲಿ ಇವರು ಡ್ಯೂಟಿ ಮಾಡ್ತಿದ್ದ ಔಟ್‌ಪೋಸ್ಟಿನ್ಯಾಗ ಒಬ್ಬ ಹುಡಗ ಸತ್ತಿದ್ದ. ನೀರೆತ್ತೋ ಎಂಜಿನ್ ಕಳವಿನ ಸಂಶೇದ ಮ್ಯಾಲ ಹಿಡಕೊಂಡು ಬಂದಿದ್ರಂತ. ಲುಂಗಿಲೆ ಉರ್ಲ ಹಾಕ್ಕೊಂಡ ಅಂತ ನಮ್ಮನಿಯವ್ರು ಬಂದು ಹೇಳಿದ್ರು. ಅವತ್ತ ಊಟ ಮಾಡ್ಲಿಲ್ಲ. ಮರದಿನ ಮಾಡಿದ್ರು."

"ಹುಡಗನ ಹೆಸರು?"

"ನನಗ್ಯಾಕ ಹೇಳ್ತಾರ?"

ಆ ಔಟ್‌ಪೋಸ್ಟ್ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅದರ ಕಾಗದಗಳನ್ನು ಎಲ್ಲಿಗೆ ಸಾಗಿಸಿದರೆಂದು ಕೇಳಿದರೆ ಪ್ರತಿ ಠಾಣೆಯೂ ಇನ್ನೊಂದು ಠಾಣೆಯನ್ನು ತೋರಿಸುತ್ತಿತ್ತು.

ಮರಳುವಾಗ ಜೀಪಿನಲ್ಲಿ ಕರೀಂಸಾಬ್ ಬಹಳ ಹೊತ್ತು ಸುಮ್ಮನಿದ್ದ. ಅದು ಅವನ ಜಾಯಮಾನವಲ್ಲ. ಡಿವೈಎಸ್ಪಿ ಸಾಹೇಬರಿಂದ ಹಿಡಿದು ಬಸ್‌ಸ್ಟ್ಯಾಂಡಿನ ಅನೌನ್ಸರ್‌ವರೆಗೆ ಯಾರ ದನಿಯನ್ನಾದರೂ ತೆಗೆಯುವವನು. ಒಮ್ಮೆ ಡಿವೈಎಸ್ಪಿ ದನಿಯಲ್ಲಿ ಫೋನು ಮಾಡಿ ತನಗೆ ತಾನೇ ರಜೆ ಮಂಜೂರು ಮಾಡಿಸಿಕೊಂಡಿದ್ದನೆಂಬ ಮಾತೂ ಇತ್ತು.

"ಸಾಹೇಬ್ರ, ಇಂವ ಪೊಲೀಸ ಅಲ್ಲ."

"ಹೆಂಗ ಹೇಳ್ತಿ?"

"ಹೆಸರು ತೋರ್ಸ್ಯಾನ. ಕೇಸ್ ಯಾವುದಂತ ಹೇಳ್ಯಾನ. ಮೈ ನೋಡ್ಯಾನ. ಚಪ್ಲಿ ಹಾಕ್ಕೊಳ್ರಿ ಅಂದಾನ. ನಮ್ಮ ಡಿಪಾರ್ಟ್‌ಮೆಂಟಿನಾಗ ಇಷ್ಟು ನಯನಾಜೂಕು ಮದುವಿಗೆ ಹೆಣ್ಣು ನೋಡಾಕ ಹೋದಾಗ ಸೈತ ಇರಂಗಿಲ್ರಿ."

ಅಮರೇಶರು ನಗಲಿಲ್ಲ. "ಗಣ್ಯ ವ್ಯಕ್ತಿ ಅನ್ನೋ ಮಾತು ಎಲ್ಲೋ ನೋಡೀನಿ," ಎಂದರು.

ನೋಡಿದ್ದು ತಮ್ಮ ಠಾಣೆಯಲ್ಲೇ. ಹಿಂದಿನ ವರ್ಷ ಸುಪ್ರೀಂ ಕೋರ್ಟಿನ ಆದೇಶದ ಪ್ರಕಾರ ಪ್ರತಿ ಠಾಣೆಯಲ್ಲೂ ಬೋರ್ಡು ಹಾಕಬೇಕೆಂದು ಸುತ್ತೋಲೆ ಬಂದಿತ್ತು. ಬಂಧಿಸುವಾಗ ಪೊಲೀಸರು ಪಾಲಿಸಬೇಕಾದ ಹನ್ನೊಂದು ಅಂಶಗಳು. ಬೋರ್ಡು ಬಂತು, ಮೊಳೆ ಹೊಡೆದರು. ಅದೇ ಮೊಳೆಗೆ ಯುಗಾದಿಗೆ ಬಂದ ರೈಸ್‌ಮಿಲ್ಲಿನ ಕ್ಯಾಲೆಂಡರನ್ನೂ ತೂಗುಹಾಕಿದರು. ಹೀಗಾಗಿ ಬಂಧಿತರ ಹಕ್ಕುಗಳ ಮೇಲೆ ವರ್ಷವಿಡೀ ಲಕ್ಷ್ಮಿ ಕೂತಿದ್ದಳು.

ಕ್ಯಾಲೆಂಡರ್ ಎತ್ತಿಹಿಡಿದು ಕರೀಂಸಾಬ್ ಓದಿದ. ಡಿವೈಎಸ್ಪಿ ದನಿಯಲ್ಲಿ ಶುರುಮಾಡಿದವನು ಮೂರನೆಯ ಅಂಶಕ್ಕೆ ಬರುವಷ್ಟರಲ್ಲಿ ತನ್ನ ದನಿಗೇ ಇಳಿದಿದ್ದ. ಬಂಧಿಸುವವನ ಹೆಸರಿನ ಪಟ್ಟಿ ಸ್ಪಷ್ಟವಾಗಿ ಕಾಣಬೇಕು. ಮನೆಯವರು ಅಥವಾ ಸ್ಥಳದ ಗಣ್ಯ ವ್ಯಕ್ತಿಯೊಬ್ಬರ ಸಾಕ್ಷಿ ಇರಬೇಕು. ಮೈಮೇಲಿನ ಗಾಯಗಳನ್ನು ಬಂಧನದ ಹೊತ್ತಿಗೇ ನೋಡಿ ಬರೆಯಬೇಕು.

"ಸಾಹೇಬ್ರ, ಇಂವ ಬೋರ್ಡು ನೋಡಿ ಅರೆಸ್ಟ ಮಾಡ್ಯಾನ!"

"ಮುಂದಿಂದು ಓದು. ಇಲ್ಲಿತನಕ ಮಾಡಿದಾಂವ ಮುಂದೂ ಮಾಡಿರ್ತಾನ."

ಎಂಟನೆಯ ಅಂಶ: ನಲವತ್ತೆಂಟು ತಾಸಿಗೊಮ್ಮೆ ಬಂಧಿತನಿಗೆ ವೈದ್ಯಕೀಯ ತಪಾಸಣೆ. ಹನ್ನೊಂದನೆಯದು: ಹನ್ನೆರಡು ತಾಸಿನೊಳಗೆ ಜಿಲ್ಲಾ ಕಂಟ್ರೋಲ್ ರೂಮಿಗೆ ಮಾಹಿತಿ.

ಅಮರೇಶರು ಕಂಟ್ರೋಲ್ ರೂಮಿಗೆ ಫೋನು ಹಚ್ಚಿದರು. ಬುಧವಾರ ಸಂಜೆ ಪಾಳಿಯಲ್ಲಿದ್ದ ಪೇದೆಯನ್ನು ಹುಡುಕಿ ಫೋನಿಗೆ ಕರೆಸಿದರು.

"ಯಾರನ್ನೋ ಅರೆಸ್ಟ್ ಮಾಡೀನಿ ಅಂತ ಯಾರಾದ್ರೂ ಫೋನ್ ಮಾಡಿದ್ರೇನು?"

"ಒಬ್ಬಾಂವ ಮಾಡಿದ್ದ ಸರ್."

"ನೀ ಏನು ಮಾಡಿದಿ?"

"ಇಟ್ಟೆ ಸರ್."

"ಏನು, ಮಾಹಿತಿ ಬರದು ಇಟ್ಟೇನು?"

"ಫೋನು ಇಟ್ಟೆ ಸರ್. ಅರೆಸ್ಟ್ ಮಾಡೀನಿ ಅಂತ ಯಾರೂ ನಮಗ ಫೋನ್ ಮಾಡಂಗಿಲ್ಲ ಸರ್. ಯಾರೋ ಕುಡದಾನ ಅಂದ್ಕೊಂಡೆ. ಮತ್ತ ಮಾಡಿದ. ಬರಕೋರಿ, ಇದು ನಿಮ್ಮ ಬೋರ್ಡಿನ ಮ್ಯಾಲ ಐತಿ ಅಂದ. ಮತ್ತ ಇಟ್ಟೆ."

"ಎಲ್ಲಿಂದ ಮಾತಾಡಿದ?"

"ಮಸ್ಕಿ ಎಸ್‌ಟಿಡಿಯಿಂದ ಅಂದಿದ್ದ ಸರ್."

*

ಶನಿವಾರ ಬೆಳಿಗ್ಗೆ ಅವರು ಮೊದಲು ಲಿಂಗಸುಗೂರಿಗೆ ಹೋದರು. ಕೇಳಿದ್ದು ಕರೀಂಸಾಬನೇ: "ಮಸ್ಕಿ ಬಿಟ್ಟು ಅಲ್ಲಿಗ್ಯಾಕ್ರಿ?"

"ಇಪ್ಪತ್ನಾಲ್ಕು ತಾಸಿನ್ಯಾಗ ಕೋರ್ಟಿಗೆ ಹಾಜರು ಮಾಡಬೇಕು. ಇಂವ ಮಾಡಾಕ ನೋಡಿರ್ತಾನ. ಮಸ್ಕಿ ಲಿಂಗಸುಗೂರು ತಾಲ್ಲೂಕಿನಾಗ ಐತಿ."

ಕೋರ್ಟಿನ ಬಾಗಿಲಿಗೆ ಬೀಗ. ಎರಡನೇ ಶನಿವಾರ. ಗುರುವಾರ ಮಹಾವೀರ ಜಯಂತಿ, ಶುಕ್ರವಾರ ಗುಡ್ ಫ್ರೈಡೇ, ನಾಳೆ ಭಾನುವಾರ. ಜಗತ್ತಿನ ಎಲ್ಲ ದೇವರೂ ಸೇರಿ ಆ ವಾರ ಕೋರ್ಟಿಗೆ ರಜೆ ಕೊಟ್ಟಿದ್ದರು. ಎದುರಿನ ಚಹಾದಂಗಡಿಯ ಮಹಮ್ಮದಸಾಬ ಮಾತ್ರ ತೆರೆದಿದ್ದ.

"ಬಂದಿದ್ರಿ ಇಬ್ರು. ಗುರುವಾರ ದಿನಾ ಪೂರ ಆ ಕಟ್ಟಿ ಮ್ಯಾಲ ಕುಂತಿದ್ರು. ಒಬ್ಬ ಪೊಲೀಸ, ಒಬ್ಬ ಮುದುಕ. ಮುದುಕಗ ಚಹಾ ಕೊಡಿಸಿದ, ತಾ ಕುಡೀಲಿಲ್ಲ. ಶುಕ್ರವಾರ ಮತ್ತ ಬಂದ್ರು."

"ಮುದುಕ ಓಡಿಹೋಗಾಕ ನೋಡಲಿಲ್ಲೇನು?"

"ಇಲ್ರಿ. ಪೊಲೀಸ ಅತ್ಲಾಗ ಸಂಡಾಸಕ್ಕ ಹೋಗಿದ್ದ. ಮುದುಕ ಕುಂತಲ್ಲೇ ಕುಂತಿದ್ದ."

"ಪೊಲೀಸ ನಿನ್ನ ಕೂಡ ಮಾತಾಡಿದ್ನೇನು?"

"ಕೋರ್ಟ್ ಯಾವಾಗ ತಗೀತೈತಿ ಅಂತ ಕೇಳಿದ. ಸೋಮವಾರ ಅಂದೆ. ತೆಲಿ ಮ್ಯಾಲ ಕೈ ಇಟಗೊಂಡ. ಇಪ್ಪತ್ನಾಲ್ಕು ತಾಸು ಮುಗದು ಹೋತು, ಈಗ ನಾನೂ ಅವರಂಗ ಆದೆ ಅಂದ. ಯಾರಂಗ ಅಂತ ಗೊತ್ತಾಗಲಿಲ್ರಿ ನನಗ."

ಕೋರ್ಟಿನ ಹಿಂದಿನ ಓಣಿಯಲ್ಲೇ ಮ್ಯಾಜಿಸ್ಟ್ರೇಟರ ಕ್ವಾರ್ಟರ್ಸು. ರಜೆಯ ದಿನ ಆರೋಪಿಯನ್ನು ಅಲ್ಲಿಗೇ ಕರೆದೊಯ್ಯುತ್ತಾರೆ. ಪೊಲೀಸರಾದವರಿಗೆಲ್ಲ ಗೊತ್ತಿರುವ ದಾರಿ, ನಡೆದರೆ ಒಂದು ಬೀಡಿ ಮುಗಿಯುವಷ್ಟು ದೂರ. ಬೋರ್ಡಿನ ಹನ್ನೊಂದು ಅಂಶಗಳಲ್ಲಿ ಈ ಓಣಿ ಇರಲಿಲ್ಲ.

"ನಿನಗ ಗೊತ್ತಿತ್ತಲ್ಲ, ರಜಾ ದಿನ ಸಾಹೇಬ್ರ ಮನೀಗೆ ಒಯ್ತಾರಂತ? ಯಾಕ ಹೇಳಲಿಲ್ಲ?"

ಮಹಮ್ಮದಸಾಬ ಲೋಟ ತೊಳೆಯುವುದನ್ನು ನಿಲ್ಲಿಸಿದ. "ಖಾಕಿ ಹಾಕ್ಕೊಂಡಾಂವಗ ನಾ ಏನ್ ಹೇಳ್ಲಿ ಸಾಹೇಬ್ರ? ನಿಮಗ ಗೊತ್ತಿದ್ದದ್ದ ಹೇಳಾಕ ಹೋದ್ರ, ನಮಗ ಕಲಸ್ತೀಯೇನಲೇ ಅಂತ ಬೈತೀರಿ."

ಅಮರೇಶರು ಚಹಾ ಮುಗಿಸಿ ಜೀಪು ಹತ್ತಿದರು. ಸೋಮವಾರ ಬೆಳಿಗ್ಗೆ ಇಲ್ಲೇ ಕಾದರೂ ಸಾಕು, ಆ ಮನುಷ್ಯ ತಾನಾಗಿ ಬರುತ್ತಾನೆ. ಆದರೆ ಜೇಬಿನಲ್ಲಿ ಗುಳಿಗೆಯ ಪೊಟ್ಟಣ ಇತ್ತು.

ಮಸ್ಕಿಯಲ್ಲಿ ಅವರು ಎಸ್‌ಟಿಡಿ ಬೂತಿಗೆ ಹೋಗಲಿಲ್ಲ. ಡಾಕ್ಟರುಗಳನ್ನು ಕೇಳಿದರು. ಬುಧವಾರ ಮೂರಕ್ಕೆ ಬಂಧನ, ಶುಕ್ರವಾರ ಮೂರಕ್ಕೆ ನಲವತ್ತೆಂಟು ತಾಸು. ಎರಡನೆಯ ದವಾಖಾನೆಯಲ್ಲಿ ವಯಸ್ಸಾದ ಖಾಸಗಿ ಡಾಕ್ಟರೊಬ್ಬರು ತಲೆ ಆಡಿಸಿದರು.

"ನಿನ್ನೆ ಸಂಜಿ ಬಂದಿದ್ರು. ಮೈಮ್ಯಾಲ ಹೊಸಾ ಗಾಯ ಅದಾವೇನು ನೋಡಿ ಬರದು ಕೊಡ್ರಿ ಅಂದ. ನೋಡಿದೆ. ಒಂದೂ ಇಲ್ಲ. ನನ್ನ ಸರ್ವಿಸಿನಾಗ ಪೊಲೀಸ್ರು ಗಾಯ ಇಲ್ಲದಾಂವನ್ನ ಕರಕೊಂಡು ಬಂದಿದ್ದು ಇದ ಮೊದಲು ಅಂತ ನಕ್ಕೆ. ಅಂವ ನಗಲಿಲ್ಲ. ಬಿಪಿ ಭಾಳ ಏರಿತ್ತು. ಗುಳಿಗಿ ಕೊಟ್ಟೀನಿ, ಇಂಜೆಕ್ಷನ್ ಮಾಡೀನಿ."

"ಅಂವ ಯಾರಂತ ಗೊತ್ತೇನು?"

"ನಮ್ಮ ದುರುಗಪ್ಪ ಅಲ್ರಿ? ಹೋಮ್‌ಗಾರ್ಡ್. ಅಶೋಕನ ಶಾಸನದ ಗುಡ್ಡದ ಕೆಳಗ ಮನಿ. ಯಾಕ, ನಿಮ್ಮಾಂವ ಅಲ್ಲೇನು?"

ಕರೀಂಸಾಬ್ ಹಣೆ ಒತ್ತಿಕೊಂಡ. ಹೋಮ್‌ಗಾರ್ಡುಗಳ ಕೆಲಸ ಹಬ್ಬ, ಜಾತ್ರೆ, ಚುನಾವಣೆಗೆ ಬಂದೋಬಸ್ತು. ಖಾಕಿ ಇದೆ, ಅಧಿಕಾರವಿಲ್ಲ. ಬಕ್ರೀದಿನ ದಿನ ಸಿಂಧನೂರಿನ ಈದ್ಗಾ ಮುಂದೆ ಇದೇ ದುರುಗಪ್ಪ ಅವನ ಪಕ್ಕದಲ್ಲೇ ಹಗ್ಗ ಹಿಡಿದು ನಿಂತಿದ್ದ. ಮಧ್ಯಾಹ್ನ ಬಿಡುವಾದಾಗ, ತುರ್ವಿಹಾಳ ಬಸ್ಸು ಯಾವ ಕಡೆ ನಿಲ್ತೈತಿ ಅಂತ ಕೇಳಿದ್ದ. ತೋರಿಸಿದವನೂ ಕರೀಂಸಾಬನೇ.

*

ಒಂದೇ ಅಂಕಣದ ಮನೆ. ಬಾಗಿಲು ತೆರೆದೇ ಇತ್ತು. ಒಳಗೆ ಹೊರಸಿನ ಮೇಲೆ ಗ್ಯಾನಪ್ಪ ಗೋಡೆಗೊರಗಿ ಕೂತಿದ್ದರು. ಮುಂದೆ ತಾಟು. ಎಪ್ಪತ್ತು ದಾಟಿದ ಮುದುಕಿಯೊಬ್ಬಳು ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕುತ್ತಿದ್ದಳು. ಮೂಲೆಯಲ್ಲಿ ಖಾಕಿ ಅಂಗಿ ತೊಳೆದು ಒಣಹಾಕಿತ್ತು. ಬನಿಯನ್ನಿನಲ್ಲಿದ್ದ ನಲವತ್ತರ ಮನುಷ್ಯ ಎದ್ದು ನಿಂತು ಸೆಲ್ಯೂಟ್ ಹೊಡೆದ.

"ದುರುಗಪ್ಪ?"

"ಹೌದ್ರಿ ಸಾಹೇಬ್ರ."

ಅಮರೇಶರು ಮೊದಲು ಗ್ಯಾನಪ್ಪನವರ ನಾಡಿ ಹಿಡಿದು ನೋಡಿದರು. ಜೋರಾಗಿ ಓಡುತ್ತಿತ್ತು, ಆದರೆ ಓಡುತ್ತಿತ್ತು.

"ಹೊಡದಾನೇನ್ರಿ ನಿಮಗ?"

"ಇಲ್ಲ ಸರ್."

"ಕಟ್ಟಿಹಾಕಿದ್ನೇನು?"

"ಇಲ್ಲ."

"ಬಾಗಲಾ ತಗದೈತಿ. ಕೋರ್ಟಿನ ಮುಂದ ನಿಮ್ಮನ್ನ ಒಬ್ಬರನ್ನ ಬಿಟ್ಟು ಹೋಗಿದ್ನಂತ. ಯಾಕ ಹೋಗಲಿಲ್ಲ ನೀವು?"

ಗ್ಯಾನಪ್ಪ ಪ್ರಶ್ನೆ ಅರ್ಥವಾಗದವರಂತೆ ನೋಡಿದರು. "ಎಲ್ಲಿಗೆ ಹೋಗ್ಲಿ ಸರ್? ಅರೆಸ್ಟ್ ಆಗೀನಲ್ಲ."

ಮುದುಕಿ ದುರುಗಪ್ಪನ ತಾಯಿ ಗದ್ದೆಮ್ಮ. ಅಮರೇಶರು ಅವಳನ್ನು ಕೇಳಿದರು: "ಇವರು ಯಾರಂತ ಗೊತ್ತೇನವ್ವಾ ನಿನಗ?"

"ಗೊತ್ತೈತೆಪಾ. ದುರುಗ ಮೊದಲ್ನೇ ದಿನಾನ ಹೇಳ್ಯಾನ."

"ಗೊತ್ತಿದ್ದೂ ರೊಟ್ಟಿ ಹಾಕಿದಿ?"

"ಕೇಸ ಮುಗಿಯೋತನಕ ಊಟ ಹಾಕಬೇಕಂತಲ್ಲ. ಕಾಯ್ದೆ ಐತಿ ಅಂದ ದುರುಗ." ಅವಳು ಹಾಲಿನ ಪಾತ್ರೆಯನ್ನು ಮುಚ್ಚಿದಳು. "ನಮ್ಮ ಹುಲಗಪ್ಪಗ ಬುತ್ತಿ ಒಯ್ದಿದ್ದೆ. ಮರದಿನ ಬಾ ಅಂದ್ರು. ಮರದಿನ ಹೋದೆ. ಒಯ್ದದ್ದು ವಾಪಸ್ ತಂದೆ."

ಗ್ಯಾನಪ್ಪ ತಾಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಉಣ್ಣು," ಎಂದಳು ಗದ್ದೆಮ್ಮ. "ಗುಳಿಗಿ ತೊಗೊಂಡೀದಿ, ಖಾಲಿ ಹೊಟ್ಟಿಲೆ ಇರಬಾರ್ದು."

ಮಧ್ಯಾಹ್ನ ಎರಡೂವರೆಗೆ ಇಬ್ಬರು ಪಂಚರ ಸಮಕ್ಷಮ ದುರುಗಪ್ಪನನ್ನು ಬಂಧಿಸಲಾಯಿತು. ಅಮರೇಶರು ಕಾರಣ ಹೇಳಿದರು, ಮೈ ನೋಡಿದರು, ಗದ್ದೆಮ್ಮನ ಹೆಬ್ಬಟ್ಟು ತೆಗೆದುಕೊಂಡರು. ಬೋರ್ಡು ಈಗ ನೆನಪಿತ್ತು. ಕರೀಂಸಾಬ್ ಅಭ್ಯಾಸಬಲದಿಂದ ಬೇಡಿ ತೆಗೆದ. ಅಮರೇಶರು ನೋಡಿದ ಮೇಲೆ ಮತ್ತೆ ಚೀಲಕ್ಕೆ ಹಾಕಿದ.

*

ಠಾಣೆಯಲ್ಲಿ ವಿಚಾರಣೆ ಹೆಚ್ಚು ಹೊತ್ತು ಹಿಡಿಯಲಿ‌ಲ್ಲ. ದುರುಗಪ್ಪ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ.

"ಬೋರ್ಡು ಎಲ್ಲಿ ಓದಿದಿ?"

"ಡ್ಯೂಟಿ ಹಾಜರಿಗೆ ಮಸ್ಕಿ ಠಾಣೆದಾಗ ಕುಂದ್ರಸ್ತಾರಲ್ರಿ, ಬೆಂಚಿನ ಎದುರಿಗೇ ಇತ್ತು. ಓದಿ ಓದಿ ಬಾಯಿಪಾಠ ಆತು."

"ಮೊದ್ಲ ದೂರು ಕೊಡಬೇಕಿತ್ತು."

"ಕೊಟ್ಟೀನ್ರಿ. ಅವತ್ತ ಕೊಟ್ಟೆ, ಮುಚ್ಚಿದ್ರು. ಆಮ್ಯಾಲ ದಿಲ್ಲಿಯೊಳಗ ಮಾನವ ಹಕ್ಕುಗಳ ಆಯೋಗ ಆಗೈತಿ ಅಂತ ಕೇಳಿ ಅಲ್ಲಿಗೂ ಬರಸಿದೆ. ವರ್ಷ ದಾಟಿದ ಘಟನಾ ನಾವು ನೋಡಂಗಿಲ್ಲ, ಕಾಯ್ದೆದಾಗ ಇಲ್ಲ ಅಂದ್ರು. ಖರೇನ ಐತಿ. ಆಯೋಗ ಹುಟ್ಟೋ ಮೊದ್ಲ ನಮ್ಮ ತಮ್ಮ ಸತ್ತಿದ್ದ."

"ಮತ್ತ ಈಗ ಯಾಕ? ಇಷ್ಟು ವರ್ಷ ಬಿಟ್ಟು?"

"ಫೆಬ್ರವರಿಯೊಳಗ ವಕೀಲರದೊಂದು ಸಭಾ ಇತ್ರಿ. ನನಗ ಬಂದೋಬಸ್ತ್ ಡ್ಯೂಟಿ. ವಿಶ್ವಸಂಸ್ಥೆಯವ್ರು ಮಾನವ ಹಕ್ಕಿನ ಘೋಷಣಾ ಮಾಡಿ ಐವತ್ತು ವರ್ಷ ಆತಂತ. ಯಾರನ್ನೂ ಹಿಂಸಾ ಮಾಡಬಾರ್ದು ಅಂತ ಜಗತ್ತಿನ ದೇಶ ಎಲ್ಲಾ ಬರಕೊಂಡಾವಂತ, ಹೋದ ವರ್ಷ ನಮ್ಮ ದೇಶಾನೂ ಸೈ ಹಾಕೇತಂತ. ವಕೀಲರು ಭಾಳ ಚಂದ ಹೇಳಿದ್ರು. ಕಡೀಕ, ಯಾರಿಗಾರ ಪ್ರಶ್ನೆ ಇದ್ರ ಕೇಳ್ರಿ ಅಂದ್ರು. ನಾ ಕೈ ಎತ್ತಿದೆ."

"ಏನು ಕೇಳಿದಿ?"

"ಕೇಳಾಕ ಬಿಡಲಿಲ್ರಿ. ನೀ ಡ್ಯೂಟಿ ಮ್ಯಾಲ ಇದ್ದಿ, ಕೈ ಇಳಸು ಅಂದ್ರು ನಮ್ಮವ್ರು. ಇಳಸಿದೆ."

ರೈಟರು ಬರೆಯುವುದನ್ನು ನಿಲ್ಲಿಸಿ ಅಮರೇಶರ ಮುಖ ನೋಡಿದರು. ಅಲ್ಲಿ ಏನೂ ಇರಲಿಲ್ಲ. "ಬರೀರಿ," ಎಂದರು ಅವರು.

"ಗ್ಯಾನಪ್ಪಗ ಹೊಡಿಯೋ ಆಸೆ ಇರಲಿಲ್ಲೇನು ನಿನಗ?"

"ಇತ್ರಿ. ಆದ್ರ ಹೊಡದ್ರ ಅದು ಬ್ಯಾರೆ ಕೇಸ ಆಗ್ತೈತಿ. ನನಗ ನಮ್ಮ ತಮ್ಮನ ಕೇಸ ಬೇಕಿತ್ತು. ಜಡ್ಜ್ ಸಾಹೇಬ್ರ ಮುಂದ ನಿಲ್ಲಿಸಿ, ಇವರ್ನ ಕೇಳ್ರಿ ಅಂತ ಅನ್ನಬೇಕಂತ ಇದ್ದೆ. ಅಷ್ಟ."

ಗ್ಯಾನಪ್ಪನವರ ಹೇಳಿಕೆಯನ್ನು ಪಕ್ಕದ ಕೋಣೆಯಲ್ಲಿ ತೆಗೆದುಕೊಂಡರು. ಶೇಖಮ್ಮ ಗಂಡನ ಬೆನ್ನ ಹಿಂದೆ ನಿಂತಿದ್ದಳು.

"ನಿಮ್ಮನ್ನ ಯಾಕ ಒಯ್ದ ಅಂತ ಗೊತ್ತೇನ್ರಿ?"

"ಹೇಳಿದ್ದ."

"ಮತ್ತೇನರ ಕೇಳಿದ್ನೇನು?"

"ಕೋರ್ಟ್ ಕಟ್ಟಿ ಮ್ಯಾಲ ಕುಂತಾಗ ಒಂದ ಸಲ ಕೇಳಿದ. ನೀವ ಹೊಡದಿದ್ರೇನು ಅಂತ."

"ನೀವು ಏನಂದ್ರಿ?"

"ಏನೂ ಅನ್ನಲಿಲ್ಲ."

"ಹೊಡದಿಲ್ಲ ಅಂತ ಅನ್ನಲಿಲ್ಲೇನು?"

ಗ್ಯಾನಪ್ಪ ತಮ್ಮ ಅಂಗೈಗಳನ್ನು ತೊಡೆಯ ಮೇಲೆ ಮಗುಚಿಟ್ಟರು. "ಅನ್ನಲಿಲ್ಲ."

"ಇದನ್ನ ಬರೀಬ್ಯಾಡ್ರಿ ಸಾಹೇಬ್ರ," ಎಂದಳು ಶೇಖಮ್ಮ. "ನಾ ಗಂಡನ್ನ ಹುಡಕಿಕೊಡ್ರಿ ಅಂದೆ. ಹಿಂದಿಂದು ಹುಡಕ್ರಿ ಅನ್ನಲಿಲ್ಲ."

ಗ್ಯಾನಪ್ಪ ಹೆಂಡತಿಯ ಕಡೆ ತಿರುಗಲಿಲ್ಲ. ಅಮರೇಶರು ಬರೆದರು.

ಸಂಜೆ ಡಿವೈಎಸ್ಪಿಯವರ ಫೋನು ಬಂತು. ಗುಡ್ ವರ್ಕ್ ಎಂದರು. ರಿಮಾಂಡ್ ಅರ್ಜಿಯಲ್ಲಿ ಉದ್ದೇಶದ ಬಗ್ಗೆ 'ಹಳೆಯ ದ್ವೇಷ' ಎಂದು ಬರೆದರೆ ಸಾಕು, ಉದ್ದ ಬೇಡ ಎಂದರು. ಅಮರೇಶರು ಆಯಿತು ಸರ್ ಎಂದರು. ಆಮೇಲೆ ಹಾಳೆ ಎಳೆದುಕೊಂಡು ಕೂತರು.

ಕರೀಂಸಾಬ್ ಬಗ್ಗಿ ನೋಡಿದ. ಉದ್ದೇಶದ ಕೆಳಗೆ ಅರ್ಧ ಪುಟ ತುಂಬಿತ್ತು. "ಸಾಹೇಬ್ರ, ಎರಡ ಶಬ್ದ ಸಾಕು ಅಂದಾರ."

"ದ್ವೇಷ ಅಂತ ಬರದ್ರ ಯಾವ ದ್ವೇಷ ಅಂತ ಕೇಳ್ತಾರ. ಕೇಸ್ ನಿಲ್ಲಬೇಕಂದ್ರ ಉದ್ದೇಶ ಪೂರಾ ಬೇಕು."

"ನಿಮ್ಮನ್ನ ಎಲ್ಲಿಗರ ಎತ್ತಿ ಒಗೀತಾರ್ರಿ."

"ಒಗೀಲಿ. ಎಲ್ಲಾ ಠಾಣೆದಾಗೂ ಇದ ಕುರ್ಚಿ ಇರ್ತೈತಿ."

ಹೇಳುವಾಗ ಅವರ ದನಿಯಲ್ಲಿ ಧೈರ್ಯವೇನೂ ಇರಲಿಲ್ಲ. ದಣಿವು ಇತ್ತು. ದಣಿದವರು ಕೆಲವೊಮ್ಮೆ ಸುಳ್ಳು ಬರೆಯುವಷ್ಟೂ ಶಕ್ತಿ ಇಲ್ಲದೆ ನಿಜ ಬರೆದುಬಿಡುತ್ತಾರೆ.

*

ಭಾನುವಾರ ಬೆಳಿಗ್ಗೆ ದುರುಗಪ್ಪನನ್ನು ಲಿಂಗಸುಗೂರಿಗೆ ಕರೆತಂದರು. ರಜೆಯ ದಿನಗಳಿಗೆ ಸಿಂಧನೂರಿನ ಪ್ರಭಾರವೂ ಅಲ್ಲಿನ ಮ್ಯಾಜಿಸ್ಟ್ರೇಟರದ್ದೇ. ಜೀಪು ಕೋರ್ಟು ದಾಟಿ ಹಿಂದಿನ ಓಣಿಗೆ ತಿರುಗಿತು.

"ಕೋರ್ಟ್ ಅತ್ಲಾಗ ಉಳೀತಲ್ರಿ?" ಎಂದ ದುರುಗಪ್ಪ.

"ರಜಾ ಇದ್ದಾಗ ಸಾಹೇಬ್ರ ಮನೀಗೆ ಬರ್ತೀವಿ," ಎಂದ ಕರೀಂಸಾಬ್.

ದುರುಗಪ್ಪ ಗೇಟನ್ನು ನೋಡಿದ. ಗೋಡೆಯ ಆಚೆ ಕೋರ್ಟಿನ ಹೆಂಚು ಕಾಣುತ್ತಿತ್ತು. ಎರಡು ದಿನ ಕೂತ ಕಟ್ಟೆ ಅದರ ಬುಡದಲ್ಲೇ.

"ಗುರುವಾರಾನೂ ಮನ್ಯಾಗ ಇದ್ರೇನ್ರಿ ಸಾಹೇಬ್ರು?"

"ಇದ್ರು," ಎಂದರು ಅಮರೇಶ.

ಮ್ಯಾಜಿಸ್ಟ್ರೇಟರು ಪಂಚೆಯುಟ್ಟು ವರಾಂಡದ ಕುರ್ಚಿಯಲ್ಲಿ ಕೂತಿದ್ದರು. ಅರ್ಜಿ ತೆಗೆದುಕೊಂಡು, ಪೊಲೀಸರು ಹೊಡೆದರೇ, ಏನಾದರೂ ದೂರಿದೆಯೇ ಎಂದು ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳಿದರು. ಇವರ ಮೇಲೆ ಇಲ್ರಿ ಎಂದ ದುರುಗಪ್ಪ. ಹದಿನಾಲ್ಕು ದಿನ ನ್ಯಾಯಾಂಗ ಬಂಧನ ಎಂದು ಬರೆಯಲು ಅವರು ಪೆನ್ನು ತೆರೆದರು. ಆಮೇಲೆ ಎರಡನೆಯ ಪುಟಕ್ಕೆ ಬಂದು ನಿಧಾನವಾದರು. ಕಣ್ಣಿನ ತೊಂದರೆಯೋ ಏನೋ, ಆ ಭಾಗವನ್ನು ಬಾಯಿಬಿಟ್ಟೇ ಓದಿದರು.

"ಆರೋಪಿಯ ತಮ್ಮನಾದ ಹುಲಗಪ್ಪ, ವಯಸ್ಸು ಇಪ್ಪತ್ತೆರಡು, ಸಾಕಿನ್ ಮಸ್ಕಿ, ಎಂಬುವನು ೧೯೮೭ರಲ್ಲಿ ಕಟ್ಟೆ ಕ್ಯಾಂಪ್ ಹೊರಠಾಣೆಯ ವಶದಲ್ಲಿದ್ದಾಗ ಮೃತಪಟ್ಟಿದ್ದು, ಸದರಿ ಸಾವು ಆತ್ಮಹತ್ಯೆಯಲ್ಲ, ಹೊಡೆತದಿಂದ ಆದದ್ದು ಎಂದು ಆರೋಪಿಯು ನಂಬಿದ್ದಾನೆ. ಈ ಬಗ್ಗೆ ಕೇಳಲಾಗಿ ಫಿರ್ಯಾದಿಯ ಗಂಡ ಗ್ಯಾನಪ್ಪ ಇವರು ಅದನ್ನು ಅಲ್ಲಗಳೆದಿರುವುದಿಲ್ಲ. ಗ್ಯಾನಪ್ಪ ಇವರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸುವುದೊಂದೇ ಆರೋಪಿಯ ಉದ್ದೇಶವಾಗಿತ್ತು."

ಪೆನ್ನು ಕಾಗದದಿಂದ ಮೇಲೆದ್ದಿತು. ಅವರು ಕನ್ನಡಕದ ಮೇಲಿಂದ ದುರುಗಪ್ಪನನ್ನು ನೋಡಿದರು.

"ಯಾರಪ್ಪಾ ಈ ಹುಲಗಪ್ಪ? ಏನಾಯಿತು ಅವನಿಗೆ?"

ದುರುಗಪ್ಪ ನೆಟ್ಟಗೆ ನಿಂತ. ಬನಿಯನ್ನಿನ ಮೇಲೆ ಹಾಕಿಕೊಂಡಿದ್ದ ಎರವಲು ಅಂಗಿಯ ಗುಂಡಿ ಹಾಕಿಕೊಂಡ. ಹನ್ನೊಂದು ವರ್ಷದಲ್ಲಿ ಅದನ್ನು ಅವನ ಹತ್ತಿರ ಕೇಳಿದ ಮೊದಲ ನ್ಯಾಯಾಧೀಶರು ಇವರು.

"ಹೇಳ್ತೀನ್ರಿ," ಎಂದ.